ಕೂಡಿ ಕೂತು ಕೇಳಿರಿ

ಮಂಗಲಪೇಟೆಯ ಯುವಕರ ಸಂಘದ ಮಕ್ಕಳೇ, ಭಾಲ್ಕಿ, ಔರಾದ್ ಕಡೆಯ ಹಳ್ಳಿ ಸಭೆಗಳಲ್ಲಿ ಢೋಲಕ್ ಬಾರಿಸಿ ಹಾಡು ಎತ್ತಿಕೊಡುವ ತಮ್ಮಂದಿರೇ, ತಂಗಿಯರೇ,

ಈಚೆಗೆ ನೀವು ಸಿಕ್ಕಾಗಲೆಲ್ಲ ಒಬ್ಬೊಬ್ಬರು ಒಂದೊಂದು ಕೇಳುತ್ತೀರಿ. ಜಾತಿ ಪ್ರಮಾಣಪತ್ರದಲ್ಲಿ ಏನು ಬರೆಸಬೇಕು? ಹಳ್ಳಿಯ ಮನೆಯಲ್ಲಿ ಪ್ರಾರ್ಥನಾ ಕೂಟ ಮುಂದುವರಿಸೋಣವೋ, ಸ್ವಲ್ಪ ದಿನ ನಿಲ್ಲಿಸೋಣವೋ? ಸೋಯಾ ನೀರಿನಲ್ಲಿ ಹೋಯಿತು, ಇನ್ನು ಹೈದರಾಬಾದಿಗೆ ಹೋಗಿಬಿಡೋಣವೇ? ಕೇಳಿ ಮುಗಿಸುವಾಗ ಎಲ್ಲರದೂ ಮಾತು ಒಂದೇ: "ಇದರಾಗ ದೇವರ ಚಿತ್ತ ಏನದಂತ ತಿಳಕೊಳ್ಳದು ಹ್ಯಾಂಗ್ರಿ ಅಮ್ಮಾ?"

ಬಾಗಿಲಲ್ಲಿ ನಿಂತು ಉತ್ತರ ಕೊಡುವಂಥ ಪ್ರಶ್ನೆ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನಂಬಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಸಭೆಗೆ ದೇವರ ಚಿತ್ತ ತಿಳಿಯುವುದು ಎಲ್ಲರೂ ಕೂಡಿ ಕೂತಾಗ. ಅದರಲ್ಲೂ ತೀರ್ಮಾನದ ಭಾರ ಯಾರ ತಲೆಯ ಮೇಲೆ ಬೀಳುತ್ತದೋ ಅವರು ಆ ಚಾಪೆಯ ಮೇಲೆ ಇರಬೇಕು, ಅವರ ಮಾತು ಮುಗಿಯುವವರೆಗೆ ಉಳಿದವರು ಸುಮ್ಮನಿರಬೇಕು. ಅಷ್ಟಾಗದೆ ಯಾರೇ ಎದ್ದು "ಇದು ದೇವರ ಚಿತ್ತ" ಅಂದರೂ ನೀವು ಕೂಡಲೇ ಆಮೆನ್ ಅನ್ನಬೇಡಿ.

ನಾಳೆ ಏನಾಗುವುದೋ ಎಂಬ ಭಯ ನಮ್ಮ ಬೀದರ್ ಜಿಲ್ಲೆಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಇಲ್ಲಿಗೆ ಬಂದರು. ಅವರ ಹೆಸರು ಪುಸ್ತಕದಲ್ಲಿ ಉಳಿಯಿತು. ಆದರೆ ಬಿಸಿಲಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದವರು ನಮ್ಮ ನೆಲದ ಉಪದೇಶಿಗಳು ಮತ್ತು ಬೈಬಲ್ ಹೆಂಗಸರು. ಸೇರಿದವರಲ್ಲಿ ಬಹಳ ಮಂದಿ ಊರ ಹೊರಗಿನ ಕೇರಿಯವರು. ಹೊಲವಿಲ್ಲ, ಬಾವಿಯಿಲ್ಲ, ಒಬ್ಬ ಗೌಡನ ಮುನಿಸಿಗೆ ವರ್ಷದ ಕೂಲಿಯೇ ಹೋಗುವಂಥ ಬಾಳು. ಸಭೆ ಕಟ್ಟಿದವರು ಅವರು.

ಅವರ ಮಕ್ಕಳ ಕಾಲಕ್ಕೆ 1948 ಬಂತು. ಆ ವರ್ಷ ಮೇ ತಿಂಗಳಲ್ಲಿ ನಿಜಾಮರ ಪರದ ರಜಾಕಾರರು ಗೋರಟಾ ಹಳ್ಳಿಯಲ್ಲಿ ನಡೆಸಿದ ಕೊಲೆಗಳು, ಸೆಪ್ಟೆಂಬರ್ 13ರಿಂದ 17ರವರೆಗೆ ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೇ ಮುಸ್ಲಿಮರ ಮೇಲೆ ಸೇಡು. ಅದನ್ನು ವಿಚಾರಿಸಲು ಬಂದ ಸುಂದರಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿತು: ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡ್ ಮತ್ತು ನಮ್ಮ ಬೀದರ್. ಎಂಟು ವರ್ಷ ಕಳೆಯುವಷ್ಟರಲ್ಲಿ ಜಿಲ್ಲೆಯೇ ಮೂರು ಪಾಲಾಯಿತು. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಕಡೆಯ ಭಾಗ ಮೈಸೂರಿಗೆ ಬಂತು. ಉದಗೀರ, ಅಹಮದಪುರ, ನಿಲಂಗಾ ಮುಂಬಯಿ ರಾಜ್ಯಕ್ಕೆ ಹೋದವು, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ. ಉರ್ದು ಶಾಲೆಯಲ್ಲಿ ಓದಿದವನು ಕಚೇರಿಗೆ ಕನ್ನಡದಲ್ಲಿ ಅರ್ಜಿ ಬರೆಯಬೇಕಾಯಿತು. ಅಕ್ಕ ಒಂದು ರಾಜ್ಯದಲ್ಲಿ, ತಂಗಿ ಇನ್ನೊಂದರಲ್ಲಿ. ಇವತ್ತಿಗೂ ಔರಾದ್ ಕಡೆಯ ನಮ್ಮ ಮನೆಗಳಲ್ಲಿ ಪ್ರಾರ್ಥನೆ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದಲ್ಲ, ಅದರ ಹಿಂದೆ ಈ ಕತೆಯಿದೆ.

ಆ ಹಿರಿಯರಿಗೆ ನಾಳೆಯ ಸುದ್ದಿ ಯಾರೂ ಹೇಳಿರಲಿಲ್ಲ. ಯಾವ ರಾಜ್ಯಕ್ಕೆ ಸೇರುತ್ತೇವೆ, ಮಕ್ಕಳು ಯಾವ ಭಾಷೆಯಲ್ಲಿ ಓದುತ್ತಾರೆ, ಮಿಷನರಿಗಳು ಇರುತ್ತಾರೋ ಹೋಗುತ್ತಾರೋ, ಯಾವುದೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವರು ಶಾಲೆಯ ಗಂಟೆ ಹೊಡೆದರು, ಆಸ್ಪತ್ರೆಯಲ್ಲಿ ಬಾಣಂತಿಯರನ್ನು ನೋಡಿಕೊಂಡರು, ಭಾನುವಾರ ಕಾಣಿಕೆ ಎತ್ತಿದರು. ಮಂಗಲಪೇಟೆಯ ನಾರ್ಮಾ ಫೆಂಡ್ರಿಚ್ ಶಾಲೆಯಲ್ಲಿ ಓದಿದ ನಿಮಗೆ ಆ ಕೆಲಸದ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಯೆರೆಮೀಯನ ಪುಸ್ತಕದ ಇಪ್ಪತ್ತೆಂಟು, ಇಪ್ಪತ್ತೊಂಬತ್ತನೆಯ ಅಧ್ಯಾಯಗಳನ್ನು ಒಟ್ಟಿಗೆ ಓದಿರಿ. ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ, ಸೆರೆಹೋದವರು ತಿರುಗಿ ಬರುತ್ತಾರೆ ಅಂದ. ಜನರಿಗೆ ಅದು ಎಷ್ಟು ಹಿತವಾಗಿರಬೇಕು! ಯೆರೆಮೀಯ ಬಾಬೆಲಿಗೆ ಕಳುಹಿಸಿದ ಪತ್ರ ಅದಕ್ಕೆ ತದ್ವಿರುದ್ಧ. ಎಪ್ಪತ್ತು ವರ್ಷ ಆಗುತ್ತದೆ, ಅಲ್ಲಿಯೇ ಮನೆ ಕಟ್ಟಿರಿ, ತೋಟ ಹಾಕಿರಿ, ಮಕ್ಕಳ ಮದುವೆ ಮಾಡಿರಿ, ನೀವಿರುವ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎಂದು ಬರೆದ. ಹನನ್ಯ ಹೇಳಿದ್ದು ತಾರೀಖು. ಯೆರೆಮೀಯ ವರ್ಷದ ಲೆಕ್ಕ ಕೊಟ್ಟರೂ ಪತ್ರದ ತುಂಬ ಬರೆದದ್ದು ಮಾಡಬೇಕಾದ ಕೆಲಸ. ತಾರೀಖು ಹೇಳುವವರು ಈಗಲೂ ಇದ್ದಾರೆ, ನಿಮ್ಮ ಮೊಬೈಲ್ ತುಂಬ ಇದ್ದಾರೆ. ಮುಂದಿನ ತಿಂಗಳು ನಿನ್ನ ಕೆಲಸ ಆಗುತ್ತದೆ, ಈ ವರ್ಷ ನಿನ್ನ ಶತ್ರು ಬೀಳುತ್ತಾನೆ, ಕೆಳಗಿನ ನಂಬರಿಗೆ ಕಾಣಿಕೆ ಕಳುಹಿಸು. ಅವರೆಲ್ಲ ಸುಳ್ಳರೆಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಊರಿನ ಹೆಸರು ತಿಳಿಯದ, ನಿಮ್ಮ ಮನೆಯ ಸಾಲ ತಿಳಿಯದ, ತನ್ನ ಮಾತು ತಪ್ಪಿದರೆ ನಿಮ್ಮೆದುರು ಬಂದು ನಿಲ್ಲಬೇಕಾಗಿಲ್ಲದ ಒಬ್ಬನ ಮಾತಿನ ಮೇಲೆ ಮಗಳ ಮದುವೆಯನ್ನೋ ಹೊಲದ ಮಾರಾಟವನ್ನೋ ನಿಲ್ಲಿಸಬೇಡಿ.

ಇನ್ನು ನಮ್ಮೊಳಗಿನದೇ ಒಂದು ರೂಢಿ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ವಾಗ್ದಾನದ ಚೀಟಿ ಎತ್ತುತ್ತೇವೆ. ನನಗೂ ಅದು ಪ್ರೀತಿಯ ಪದ್ಧತಿ. ಬಡವರ ಮನೆಯ ಗೋಡೆಗೆ ಅಂಟಿಸಿದ ಆ ಒಂದು ವಚನ ವರ್ಷವಿಡೀ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ಕಂಡಿದ್ದೇನೆ. ಆದರೆ ಧೈರ್ಯಕ್ಕೆಂದು ಬಂದ ಚೀಟಿಯನ್ನು ಅಪ್ಪಣೆ ಎಂದು ತಿಳಿಯುವವರಿದ್ದಾರೆ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟಲ್ಲಿ ಸಿಕ್ಕ ಮಾತನ್ನು ಹಿಡಿದು ಹೊರಡುವವರೂ ಇದ್ದಾರೆ.

ನಮ್ಮ ಮೆಥೋಡಿಸ್ಟ್ ಸಭೆಗೆ ಮೂಲಪುರುಷನಾದ ಜಾನ್ ವೆಸ್ಲಿಯೂ ಹಾಗೆ ಮಾಡಿದ್ದುಂಟು. 1739ರ ಮಾರ್ಚ್‌ನಲ್ಲಿ ಅವನ ಗೆಳೆಯ ಜಾರ್ಜ್ ವಿಟ್‌ಫೀಲ್ಡ್ ಬೋಧನೆಗೆಂದು ಅವನನ್ನು ಬ್ರಿಸ್ಟಲ್‌ಗೆ ಕರೆದ. ಲಂಡನ್ನಿನ ಫೆಟರ್ ಲೇನ್ ಕೂಟದವರು ಹೋಗಬೇಕೋ ಬೇಡವೋ ಎಂದು ಬೈಬಲ್ ತೆರೆದು ನೋಡಿದರು. ಸಿಕ್ಕಿದ್ದೆಲ್ಲ ಎದೆ ನಡುಗಿಸುವ ಭಾಗಗಳು: ಬೆಟ್ಟ ಹತ್ತಿ ಪ್ರಾಣಬಿಡಬೇಕೆಂದು ಮೋಶೆಗೆ ಆದ ಅಪ್ಪಣೆ, ಸ್ತೆಫನನನ್ನು ಹೂಳಿದ ಸಂಗತಿ. ತಮ್ಮ ಚಾರ್ಲ್ಸ್ ಬೇಡವೇ ಬೇಡ ಅಂದ. ಕೊನೆಗೆ ಚೀಟಿ ಹಾಕಿದರು, ಹೋಗು ಎಂದು ಬಂತು, ವೆಸ್ಲಿ ಹೋದ. ಸಾಯಲಿಲ್ಲ. ಏಪ್ರಿಲ್ 2ರಂದು ಬಯಲಲ್ಲಿ ನಿಂತು ಗುಡಿಯ ಮೆಟ್ಟಿಲು ಹತ್ತದ ಬಡಜನರಿಗೆ ಬೋಧಿಸಿದ. ಆ ಬಯಲಿನ ಬೋಧನೆ ಇಲ್ಲದಿದ್ದರೆ ಬೀದರಿನವರೆಗೆ ಈ ಸಭೆ ಬರುತ್ತಿತ್ತೋ ಇಲ್ಲವೋ.

ಅದೇ ವೆಸ್ಲಿ ಮಾಗಿದ ಮೇಲೆ, 1750ರಲ್ಲಿ ಅಚ್ಚಾದ ಒಂದು ಪ್ರಸಂಗದಲ್ಲಿ, ಬರೀ ಭಾವಾವೇಶವನ್ನೇ ಭಕ್ತಿ ಎಂದು ತಿಳಿಯುವವರನ್ನು ಎಚ್ಚರಿಸಿದ. ದೇವರ ಚಿತ್ತ ತಿಳಿಯಲು ಕನಸು, ದರ್ಶನ, ಮನಸ್ಸಿಗೆ ತಟ್ಟನೆ ಹೊಳೆದದ್ದು ಇವುಗಳನ್ನು ಕಾಯುತ್ತ ಕೂರಬೇಡಿ ಎನ್ನುವುದು ಅವನ ವಾದ. ನಾವು ಪವಿತ್ರರಾಗಿ ಬಾಳಬೇಕು, ಕೈಲಾದಷ್ಟು ಒಳ್ಳೆಯದು ಮಾಡಬೇಕು ಎಂಬುದು ದೇವರ ಚಿತ್ತವೆಂದು ಶಾಸ್ತ್ರ ಆಗಲೇ ತಿಳಿಸಿದೆ. ನನ್ನ ಮುಂದಿರುವ ಎರಡು ದಾರಿಗಳಲ್ಲಿ ಯಾವುದರಲ್ಲಿ ಅದು ಹೆಚ್ಚು ಸಾಧ್ಯ ಎಂಬುದನ್ನು ದೇವರೇ ಕೊಟ್ಟ ಬುದ್ಧಿಯಿಂದ, ಕಂಡುಂಡ ಅನುಭವದಿಂದ, ಪ್ರಾರ್ಥನೆ ಮಾಡುತ್ತ ತೂಗಿ ನೋಡಿರಿ ಎಂದ. ನಮ್ಮ ಮನೆಗಳಲ್ಲಿ ಈ ಮಾತು ಯಾಕೆ ಹೆಚ್ಚು ಕೇಳಿಬರುವುದಿಲ್ಲವೋ. ಪಾಸ್ಟರುಗಳು ವರ್ಷಕ್ಕೊಮ್ಮೆಯಾದರೂ ಇದನ್ನು ಬೋಧಿಸಬೇಕೆಂದು ನನ್ನ ಬೇಡಿಕೆ.

ದರ್ಶನವೇ ಸುಳ್ಳು ಅಂತಲ್ಲ. ಪೌಲನಿಗೆ ತ್ರೋವದಲ್ಲಿ ರಾತ್ರಿ ದರ್ಶನವಾಯಿತು, ಮಕೆದೋನ್ಯದವನೊಬ್ಬ ನಿಂತು ಬಾ ಎಂದು ಕರೆದ. ಅದಕ್ಕೂ ಮೊದಲು ಆಸ್ಯಕ್ಕೆ ಹೋಗಲು ಹೊರಟರೆ ತಡೆ, ಬಿಥೂನ್ಯಕ್ಕೆ ಹೊರಟರೆ ತಡೆ. ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯದ ಹತ್ತನೆಯ ವಚನವನ್ನು ನಿಧಾನವಾಗಿ ಓದಿರಿ. ದರ್ಶನ ಕಂಡವನು ಪೌಲ ಒಬ್ಬನೇ. ದೇವರು ಕರೆದಿದ್ದಾನೆಂದು ತಿಳಿದು ಹೊರಟವರು ಮಾತ್ರ ಎಲ್ಲರೂ. ಬರೆದವನು ಅಲ್ಲಿಂದಲೇ 'ನಾವು' ಎಂದು ಬರೆಯತೊಡಗುತ್ತಾನೆ. ಹೋದಲ್ಲಿ ಹಾರ ಹಾಕಿದರೇ? ಫಿಲಿಪ್ಪಿಯಲ್ಲಿ ಲುದ್ಯಳ ಮನೆಯ ಬಾಗಿಲೇನೋ ತೆರೆಯಿತು, ಆಮೇಲೆ ಬೆತ್ತದ ಏಟು, ಕಾಲಿಗೆ ಕೋಳ, ಸೆರೆಮನೆಯ ಒಳಕೋಣೆ. ಕಷ್ಟ ಬಂತೆಂದ ಮಾತ್ರಕ್ಕೆ ದಾರಿ ತಪ್ಪಿದೆವು ಅಂದುಕೊಳ್ಳಬೇಡಿ. ಸುಲಭವಾಯಿತೆಂದು ಅದೇ ದೇವರ ಚಿತ್ತವೆಂದೂ ಬಗೆಯಬೇಡಿ.

ಕೂಡಿ ಕೂರುವುದು ಹೇಗೆಂದು ತಿಳಿಯಬೇಕಾದರೆ ಒಂದು ಅಧ್ಯಾಯ ಹಿಂದಕ್ಕೆ ಹೋಗಿರಿ, ಹದಿನೈದಕ್ಕೆ. ಯೆಹೂದ್ಯರಲ್ಲದವರು ಸಭೆಗೆ ಬಂದಾಗ ಅವರಿಗೆ ಸುನ್ನತಿ ಆಗಬೇಕೋ ಬೇಡವೋ ಎಂಬ ದೊಡ್ಡ ಜಗಳ ಎದ್ದಿತ್ತು. ಯೆರೂಸಲೇಮಿನಲ್ಲಿ ಕೂತರು. ಬಹಳ ವಾದವಾಯಿತು ಎಂದು ಬರೆದವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಪೇತ್ರ ಎದ್ದು ತನ್ನ ಅನುಭವ ಹೇಳಿದ. ಬಾರ್ನಬ ಮತ್ತು ಪೌಲ ಎದ್ದಾಗ ಸಮೂಹವೆಲ್ಲ ಸುಮ್ಮನಾಗಿ, ಅನ್ಯಜನರ ನಡುವೆ ದೇವರು ಮಾಡಿದ್ದನ್ನು ಕೇಳಿತು. ಆಮೇಲೆ ಯಾಕೋಬ ಪ್ರವಾದಿಗಳ ಮಾತನ್ನು ಅದಕ್ಕೆ ಹೊಂದಿಸಿ ನೋಡಿದ. ಕೊನೆಗೆ ಬರೆದ ಪತ್ರದಲ್ಲಿ ಪವಿತ್ರಾತ್ಮನ ಹೆಸರಿನ ಜೊತೆಗೆ ತಮ್ಮನ್ನೂ ಸೇರಿಸಿಕೊಂಡರು. ಅಷ್ಟು ಧೈರ್ಯ ಅವರಿಗೆ ಎಲ್ಲಿಂದ ಬಂತು? ಕೇಳಬೇಕಾದವರನ್ನೆಲ್ಲ ಕೇಳಿದ್ದರು, ಅಲ್ಲಿಂದ. ಅಲ್ಲಿ ತೀರ್ಮಾನದ ಭಾರ ಬೀಳುತ್ತಿದ್ದದ್ದು ಹೊಸಬರ ಮೈಮೇಲೆ. ಅವರ ಪರವಾಗಿ ಮಾತಾಡುವವರು ಬಂದು ಹೇಳಿದ ಮೇಲೆ, ನಾವೇ ಹೊರಲಾರದ ನೊಗವನ್ನು ಅವರ ಕುತ್ತಿಗೆಗೆ ಯಾಕೆ ಹಾಕೋಣ ಎಂಬ ನ್ಯಾಯ ಎಲ್ಲರಿಗೂ ಕಂಡಿತು. ಅಂತಿಯೋಕ್ಯದವರು ಪತ್ರ ಓದಿ ಸಂತೋಷಪಟ್ಟರು.

ಇದಾದ ಕೆಲವೇ ವಚನಗಳಾಚೆ ಪೌಲ, ಬಾರ್ನಬರೇ ಮಾರ್ಕನ ವಿಷಯಕ್ಕೆ ಜಗಳವಾಡಿ ಬೇರೆಯಾಗುತ್ತಾರೆ. ಒಂದು ವಿಷಯದಲ್ಲಿ ದೇವರ ಚಿತ್ತ ತಿಳಿದವರು ಮುಂದಿನ ವಿಷಯದಲ್ಲಿ ಒಪ್ಪಲಿಲ್ಲ. ಇಬ್ಬರನ್ನೂ ದೇವರು ಬಿಡಲಿಲ್ಲ. ಕಮಿಟಿಯಲ್ಲಿ ಒಮ್ಮೆ ಮಾತು ಬಿರುಸಾದರೆ ಸಭೆಯೇ ಮುಗಿಯಿತೆಂದು ಬೇರೆ ಬೋರ್ಡು ಹಾಕಿಕೊಂಡು ಹೊರಡುವ ತಮ್ಮಂದಿರು ಇದನ್ನು ನೆನಪಿಡಬೇಕು.

ಇಡೀ ಸಭೆಯೇ ಕವಲುದಾರಿಯಲ್ಲಿ ನಿಂತದ್ದಕ್ಕೆ ನಮ್ಮದೇ ಚರಿತ್ರೆಯಲ್ಲಿ ಸಾಕ್ಷಿಯಿದೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ ಹುಟ್ಟಿದಾಗ ಪಕ್ಕದ ಮೆದಕ್‌ನ ಬ್ರಿಟಿಷ್ ಮೆಥೋಡಿಸ್ಟರು ಅದರೊಳಗೆ ಹೋದರು. ಅಮೆರಿಕದ ಮಿಷನ್‌ಗೆ ಸೇರಿದ ನಾವು ಹೊರಗೆ ಉಳಿದೆವು. ಉತ್ತರ ಭಾರತದ ಐಕ್ಯ ಸಭೆಯ ಮಾತುಕತೆಯಲ್ಲಿ ನಮ್ಮ ಮೆಥೋಡಿಸ್ಟರು ವರ್ಷಗಟ್ಟಲೆ ಕೂತರು. 1970ರಲ್ಲಿ, ಇನ್ನೇನು ಸೇರಬೇಕು ಅನ್ನುವಾಗ, ಬೇಡವೆಂದು ಹಿಂದೆ ಸರಿದರು. ಆ ವರ್ಷ ನವೆಂಬರ್ 29ರಂದು ನಾಗಪುರದಲ್ಲಿ ಆ ಐಕ್ಯ ಸಭೆ, ಅಂದರೆ ಸಿ.ಎನ್.ಐ., ನಮ್ಮನ್ನು ಬಿಟ್ಟೇ ಶುರುವಾಯಿತು. ಆಮೇಲೆ 1981ರ ಜನವರಿ 7ರಂದು ಅಮೆರಿಕದ ಹಿಡಿತದಿಂದ ಹೊರಬಂದು ಭಾರತದ ಮೆಥೋಡಿಸ್ಟ್ ಸಭೆ ತನ್ನ ಕಾಲ ಮೇಲೆ ನಿಂತಿತು. ಸೇರಿದ್ದರೆ ಒಳ್ಳೆಯದಿತ್ತು ಅನ್ನುವ ಹಿರಿಯರೂ ಇದ್ದರು, ಬಿಟ್ಟದ್ದೇ ಒಳ್ಳೆಯದಾಯಿತು ಅನ್ನುವವರೂ ಇದ್ದರು. ಎರಡೂ ಕಡೆ ದೇವರು ತನ್ನ ಮಕ್ಕಳನ್ನು ಸಾಕಿದ್ದಾನೆ. ನಮ್ಮ ತೀರ್ಮಾನ ಎಳ್ಳಷ್ಟು ತಪ್ಪಿದರೂ ದೇವರು ಕೈಬಿಡುತ್ತಾನೆಂಬ ಅಂಜಿಕೆಯಲ್ಲಿ ನೀವು ಒದ್ದಾಡುವುದನ್ನು ನೋಡಿದಾಗಲೆಲ್ಲ ನನಗೆ ಈ ಚರಿತ್ರೆ ನೆನಪಾಗುತ್ತದೆ.

ಈಗ ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವ ಜಾತಿ ಪ್ರಮಾಣಪತ್ರದ ವಿಷಯಕ್ಕೆ ಬರೋಣ. ಚರ್ಚಿನಲ್ಲಿ ಇದನ್ನು ಪಿಸುಮಾತಿನಲ್ಲಿ ಆಡುತ್ತೇವೆ, ನಾನು ಬಾಯಿಬಿಟ್ಟೇ ಆಡುತ್ತೇನೆ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರನ್ನೂ ಮುಸ್ಲಿಮರನ್ನೂ ಸೇರಿಸಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಈ ಧರ್ಮದ ಕಟ್ಟನ್ನು ತೆಗೆಯಬೇಕೆಂದು ವರದಿ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನೇ ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಪ್ರವರ್ಗ-1ರ ಪತ್ರಕ್ಕೆ ಅರ್ಜಿ ಹಾಕಬಹುದೆಂಬುದೇ ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. 2025ರ ಸೆಪ್ಟೆಂಬರ್ 22ರಂದು ರಾಜ್ಯದ ಜಾತಿ ಸಮೀಕ್ಷೆ ಶುರುವಾದಾಗ ಧರ್ಮದ ಕಾಲಂ, ಜಾತಿಯ ಕಾಲಂ ಎರಡನ್ನೂ ಹೇಗೆ ತುಂಬಬೇಕೆಂದು ಮನೆಮನೆಯಲ್ಲಿ ಎಷ್ಟು ಗೊಂದಲವಾಯಿತೆಂಬುದು ನಿಮಗೆ ಗೊತ್ತಿದೆ.

ಭಾನುವಾರ ಒಂದು ಹೆಸರು, ಕಚೇರಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬಾಳುವವರು ನಮ್ಮ ನಡುವೆ ಇದ್ದಾರೆ. ಅವರ ಮೇಲೆ ಕಲ್ಲೆತ್ತುವ ಹಕ್ಕು ಯಾರಿಗಿದೆ? ಊರ ಬಾವಿಯ ಹತ್ತಿರ ಅವರ ಅಜ್ಜನನ್ನು ತಡೆದವರು ಅವನ ಕುತ್ತಿಗೆಯಲ್ಲಿ ಶಿಲುಬೆ ಇದೆಯೋ ತಾಯಿತ ಇದೆಯೋ ಎಂದು ನೋಡಿ ತಡೆಯಲಿಲ್ಲ. ಮತ ಬದಲಾದರೂ ಕೇರಿ ಬದಲಾಗಲಿಲ್ಲ, ಕೂಲಿ ಬದಲಾಗಲಿಲ್ಲ. ಕಾನೂನು ಮಾತ್ರ ಬದಲಾಯಿತು ಅನ್ನುತ್ತದೆ. ಈ ಅನ್ಯಾಯವನ್ನು ಅನ್ಯಾಯ ಎಂದು ಹೇಳುವುದು ಸಭೆಯ ಕೆಲಸ. ಅರ್ಜಿ ಕೊಡುವುದು, ಆಯೋಗದ ಮುಂದೆ ಹೋಗಿ ನಿಲ್ಲುವುದು, ಶಾಸಕರನ್ನು ಕಾಣುವುದು ಸಭೆಯ ಕೆಲಸ.

ಸುಳ್ಳು ಬರೆಸುವುದು ದೇವರ ಚಿತ್ತವಲ್ಲ, ಇದನ್ನು ತಿಳಿಯಲು ಉಪವಾಸ ಪ್ರಾರ್ಥನೆಯೂ ಬೇಡ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಕ್ರೈಸ್ತ ನಂಬಿಕೆಯಲ್ಲಿದ್ದು ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದನ್ನು ಒಪ್ಪಲಿಲ್ಲ. ಆದರೆ ಹುಡುಗಿಯೊಬ್ಬಳಿಗೆ "ಸತ್ಯವನ್ನೇ ಬರೆಸಮ್ಮಾ" ಅಂದು ಕಾಣಿಕೆ ತಟ್ಟೆ ಹಿಡಿದು ಮುಂದಕ್ಕೆ ಹೋಗುವ ಸಭೆ ಅರ್ಧ ಮಾತನ್ನಷ್ಟೇ ಹೇಳಿದೆ. ಆ ಸತ್ಯಕ್ಕೆ ಅವಳು ಕೊಡುವ ಬೆಲೆ ಎಷ್ಟು? ಹಾಸ್ಟೆಲಿನ ಸೀಟು, ಫೀಸಿನ ರಿಯಾಯಿತಿ, ನೌಕರಿಯ ಅವಕಾಶ. ಆ ಬೆಲೆಯಲ್ಲಿ ಸಭೆ ಪಾಲು ಹೊರಬೇಕು. ನಮ್ಮ ಪಾಸ್ಟರೇಟ್ ಕಮಿಟಿಗಳು ಪೆಂಡಾಲಿಗೆ, ಸೌಂಡ್ ಸಿಸ್ಟಮ್ಮಿಗೆ, ಕ್ರಿಸ್‌ಮಸ್ ಲೈಟಿಂಗಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಭಾಗ ಮಕ್ಕಳ ಫೀಸಿಗೆ, ಪರೀಕ್ಷೆಯ ಕೋಚಿಂಗಿಗೆ ಹೋಗಲಿ. ಈ ವಿಷಯ ಚರ್ಚೆಗೆ ಬಂದ ದಿನ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ಕಮಿಟಿಗೆ ಕರೆಯಿರಿ. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಪೆನ್ಶನ್ ಪಡೆಯುವ ನಾವು ನಾಲ್ಕು ಜನ ಹಿರಿಯರೇ ಕೂತು ಅವಳ ಬಗ್ಗೆ ದೇವರ ಚಿತ್ತವನ್ನು ಗೊತ್ತುಮಾಡಿದರೆ, ಅದನ್ನು ಅವಳು ನಂಬಬೇಕಾಗಿಲ್ಲ.

ಪ್ರಾರ್ಥನಾ ಕೂಟದ ವಿಷಯಕ್ಕೂ ಇದೇ ನ್ಯಾಯ. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಎಂದು ಎಲ್ಲರೂ ಕರೆಯುವ ಕಾಯ್ದೆ ಬಂತು. 2023ರ ಜೂನ್ 15ರಂದು ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಕಾಯ್ದೆ ಬರಲಿ ಹೋಗಲಿ, ಹಳ್ಳಿಯಲ್ಲಿ ಹುಟ್ಟಿದ ಅನುಮಾನ ಬೇಗ ಹೋಗುವುದಿಲ್ಲ. ಕೂಟ ನಡೆಸಬೇಕೆಂದು ಪೇಟೆಯ ಹುಡುಗರು ಹುರುಪಿನಿಂದ ಹೇಳುತ್ತೀರಿ. ಬೈಕಿನಲ್ಲಿ ಬಂದು ಹಾಡಿ ರಾತ್ರಿಯೇ ಬೀದರಿಗೆ ತಿರುಗುತ್ತೀರಿ. ಬೆಳಗ್ಗೆ ನಲ್ಲಿಯ ಹತ್ತಿರ ಮಾತು ಕೇಳಬೇಕಾದವಳು ಕೂಟಕ್ಕೆ ಮನೆ ಕೊಟ್ಟ ವಿಧವೆ. ಅವಳನ್ನು ಕೇಳಿರಿ. ಅವಳು ನಡೆಸೋಣ ಅಂದರೆ ನಡೆಸಿರಿ, ಅವಳ ಬೆನ್ನಿಗೆ ನಿಲ್ಲಿರಿ. ಸ್ವಲ್ಪ ದಿನ ಬೇಡ ಅಂದರೆ ಅವಳ ನಂಬಿಕೆ ಕಡಿಮೆ ಎಂದು ಹೇಳುವ ನಾಲಿಗೆಯನ್ನು ಬಿಗಿಹಿಡಿಯಿರಿ. ಅಗಬನೆಂಬ ಪ್ರವಾದಿ ಬಂದು ಯೆರೂಸಲೇಮಿನಲ್ಲಿ ಪೌಲನಿಗೆ ಸೆರೆ ಕಾದಿದೆ ಎಂದು ಹೇಳಿದಾಗ ಕೈಸರೈಯದಲ್ಲಿ ಎಲ್ಲರೂ ಅತ್ತರು, ಹೋಗಬೇಡ ಅಂದರು. ಹೋಗಬೇಕಾದವನೂ ಸಂಕೋಲೆಗೆ ಕೈಯೊಡ್ಡಬೇಕಾದವನೂ ಪೌಲ. ಕೊನೆಯ ಮಾತನ್ನು ಅವನಿಗೇ ಬಿಟ್ಟು, ಕರ್ತನ ಚಿತ್ತದಂತೆ ಆಗಲಿ ಎಂದು ಸುಮ್ಮನಾದರು.

ಕೂಟ ನಡೆಸುವುದಾದರೆ ಕೆಲವು ಸಣ್ಣ ಎಚ್ಚರಗಳಿವೆ. ಬಾಗಿಲು ತೆರೆದಿರಲಿ. ಮೈಕ್ ಬೇಡ. ಪಕ್ಕದ ಮನೆಯವರಿಗೆ ಮೊದಲೇ ತಿಳಿಸಿರಿ, ಅವರ ಮನೆಯ ಕಾಯಿಲೆಗೂ ಹೆಸರು ಹಿಡಿದು ಪ್ರಾರ್ಥಿಸಿರಿ. ಯಾರ ದೇವರನ್ನೂ ಹೀಯಾಳಿಸಬೇಡಿ, ಯಾರಿಗೂ ಆಸೆ ತೋರಿಸಬೇಡಿ. ತಡೆಯಲು ಬಂದವರೊಂದಿಗೆ ಕೈಮಿಲಾಯಿಸಬೇಡಿ. ಸಂವಿಧಾನದ 25ನೆಯ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳ ಮಿತಿಯೊಳಗೆ ನಿಮ್ಮ ನಂಬಿಕೆಯನ್ನು ಕಾಯುತ್ತದೆ. ಠಾಣೆಗೆ ಹೋಗಬೇಕಾದರೆ ಹುಡುಗರಷ್ಟೇ ಹೋಗದೆ ಪಾಸ್ಟರನ್ನೂ ಊರಿನ ಒಬ್ಬ ಹಿರಿಯರನ್ನೂ ಕರೆದುಕೊಂಡು ಹೋಗಿರಿ. ಆ ಹಿರಿಯರು ಕ್ರೈಸ್ತರೇ ಆಗಿರಬೇಕಾಗಿಲ್ಲ. ಸಿಖ್ಖರ ನಾನಕ್ ಝೀರಾ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಅಷ್ಟೂರು, ಬಸವಣ್ಣನವರ ಶರಣರು ನಡೆದಾಡಿದ ಕಲ್ಯಾಣ ಇರುವ ಜಿಲ್ಲೆ ನಮ್ಮದು. ಒಬ್ಬರ ಪರವಾಗಿ ಇನ್ನೊಬ್ಬರು ಬಂದು ನಿಲ್ಲುವ ಗುಣ ಇಲ್ಲಿ ಇನ್ನೂ ಉಳಿದಿದೆ.

ಕೊರೊನಾ ಲಾಕ್‌ಡೌನಿನ ನಡುವೆ ಬಂದ 2020ರ ಏಪ್ರಿಲ್ 12ರ ಈಸ್ಟರ್ ನಿಮಗೆ ನೆನಪಿರಬೇಕು. ಗುಡಿಯ ಬಾಗಿಲಿಗೆ ಬೀಗ. ನಂಬಿಕೆಯಿದ್ದರೆ ತೆರೆಯಿರಿ ಅನ್ನುವವರಿದ್ದರು, ಮುಚ್ಚಿದರೆ ದೇವರಿಗೆ ಸಿಟ್ಟು ಬರುತ್ತದೆ ಅನ್ನುವವರಿದ್ದರು. ವೆಸ್ಲಿ 1743ರಲ್ಲಿ ತನ್ನ ಕೂಟಗಳಿಗೆ ಬರೆದ ನಿಯಮಗಳಲ್ಲಿ ಮೊದಲನೆಯದು ಯಾರಿಗೂ ಕೇಡು ಮಾಡಬಾರದು ಎಂಬುದು. ಎರಡನೆಯದು ಒಳ್ಳೆಯದು ಮಾಡಬೇಕು, ಮೂರನೆಯದು ಆರಾಧನೆ, ಪ್ರಾರ್ಥನೆ, ಸಂಸ್ಕಾರಗಳನ್ನು ಬಿಡಬಾರದು. ಮೂರನ್ನೂ ಅದೇ ಕ್ರಮದಲ್ಲಿ ಇಟ್ಟು ನೋಡಿದರೆ ಆ ದಿನ ಮುದುಕರನ್ನು ಮನೆಯಲ್ಲಿ ಉಳಿಸಿದ್ದೂ ಆರಾಧನೆಯೇ. ರೇಷನ್ ಕಿಟ್ ಹೊತ್ತು ಓಣಿ ಓಣಿ ಸುತ್ತಿದ ಹುಡುಗರು ಹಬ್ಬ ತಪ್ಪಿಸಿಕೊಂಡವರಲ್ಲ. ಮುಂದೆ ಇಂಥದೇ ಕಾಲ ಬಂದರೆ ಈ ಮೂರು ನಿಯಮಗಳಿಂದಲೇ ಮಾತು ಶುರುಮಾಡಿರಿ.

ಇನ್ನು ಊರು ಬಿಡುವ ಮಾತು. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಧನೇಗಾಂವ ಡ್ಯಾಮಿನಿಂದ ಬಿಟ್ಟ ನೀರಿಗೆ ಮಾಂಜ್ರಾ ನದಿ ಉಕ್ಕಿ ಭಾಲ್ಕಿ, ಔರಾದ್, ಕಮಲನಗರದ ಹೊಲಗಳಲ್ಲಿ ಸೋಯಾ, ಉದ್ದು, ಹೆಸರು ಕೊಳೆತು ನಿಂತವು. ಅಂಥ ವರ್ಷದಲ್ಲಿ ಹೋಗುವುದು ದೇವರ ಚಿತ್ತವೋ ಉಳಿಯುವುದು ದೇವರ ಚಿತ್ತವೋ ಎಂದು ಕೇಳುತ್ತೀರಿ. ನೊವೊಮಿಯ ಕುಟುಂಬ ಬರಗಾಲಕ್ಕೆ ಊರು ಬಿಟ್ಟಿತು, ಯೆರೆಮೀಯ ಊರು ಮುತ್ತಿಗೆಯಲ್ಲಿದ್ದಾಗಲೇ ಅನಾತೋತಿನಲ್ಲಿ ಹೊಲ ಕೊಂಡ. ಇಬ್ಬರನ್ನೂ ಶಾಸ್ತ್ರ ತನ್ನೊಳಗೆ ಇಟ್ಟುಕೊಂಡಿದೆ. ಹಾಗಾಗಿ ಹೋಗುವವನನ್ನು ಓಡಿಹೋದವನೆಂದೂ ಉಳಿಯುವವನನ್ನು ದಡ್ಡನೆಂದೂ ಕರೆಯಬೇಡಿ. ಮನೆಯಲ್ಲಿ ಕೂತು ಮಾತಾಡುವಾಗ ತಂದೆತಾಯಿಯ ಔಷಧಿ ಯಾರು ತರುತ್ತಾರೆ, ಸಾಲದ ಕಂತು ಯಾರು ಕಟ್ಟುತ್ತಾರೆ, ಹೆಂಡತಿ ಜೊತೆಗೆ ಬರುತ್ತಾಳೋ ಇಲ್ಲಿರುತ್ತಾಳೋ, ಅವಳ ಮನಸ್ಸಿನಲ್ಲಿ ಏನಿದೆ ಎಂಬುದನ್ನೆಲ್ಲ ಬಾಯಿಬಿಟ್ಟು ಕೇಳಿರಿ. ಮಾತಿನ ನಡುವೆ ಪ್ರಾರ್ಥಿಸಿರಿ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿಯೇ ತನಗೆ ಬೇಕಾದದ್ದನ್ನು ತಂದೆಯೆದುರು ಮುಚ್ಚಿಡಲಿಲ್ಲ, ಜೊತೆಗೆ ಎಚ್ಚರವಾಗಿರಲು ಮೂವರನ್ನು ಕರೆದುಕೊಂಡು ಹೋಗಿದ್ದರು. ನಿಮಗೆ ಬೇಕಾದದ್ದನ್ನು ಹೇಳಿಕೊಳ್ಳಲು ನಾಚಬೇಡಿ.

ಯುವಕರ ಸಂಘದವರಿಗೆ ನಾನು ಒಪ್ಪಿಸುವ ಕೆಲಸ ಒಂದಿದೆ. ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೋದ ನಮ್ಮ ಸಭೆಗಳ ಮಕ್ಕಳ ಪಟ್ಟಿ ಮಾಡಿರಿ. ಯಾರು ಯಾವ ಓಣಿಯಲ್ಲಿದ್ದಾರೆ, ಯಾವ ಕಟ್ಟಡದ ಕೆಲಸದಲ್ಲಿದ್ದಾರೆ, ಹತ್ತಿರದ ಸಭೆ ಯಾವುದು, ಊರಿನಲ್ಲಿ ಅವರ ತಾಯಿಯನ್ನು ವಾರಕ್ಕೊಮ್ಮೆ ಹೋಗಿ ನೋಡಿಬರುವವರು ಯಾರು, ಎಲ್ಲವನ್ನೂ ಬರೆಯಿರಿ. ಹೊಸದಾಗಿ ಹೊರಡುವವನ ಕೈಗೆ ಪಾಸ್ಟರಿಂದ ಒಂದು ಪತ್ರ ಕೊಡಿಸಿರಿ, ಅಲ್ಲಿರುವ ನಮ್ಮವರಲ್ಲಿ ಒಬ್ಬರು ಬಸ್‌ಸ್ಟ್ಯಾಂಡಿಗೆ ಬರುವಂತೆ ಮಾಡಿರಿ. ಪಟ್ಟಿಯನ್ನು ಔರಾದ್ ಕಡೆಯ ಹಳ್ಳಿಗಳಿಂದ ಶುರುಮಾಡಿರಿ. ಬೀದರಿನ ಮಕ್ಕಳು ಅಲ್ಲಿಗೆ ಹೋಗುವುದು ಕಡಿಮೆ, ಹೋದಾಗ ಚಾಪೆಯ ಮೇಲೆ ಕೂತು ಕೇಳಬೇಕಾದ ಮಾತು ಅಲ್ಲಿಯೇ ಹೆಚ್ಚಿದೆ.